ರಷ್ಯನ್ನರ ‘ಬೋಗ್’ ನಮ್ಮ ಭಗವಂತನೇ?

ಪದಗಳ ಹುಟ್ಟಿನ ಬಗ್ಗೆ ಬರೆಯುತ್ತೇನೆಂದು ತಿಳಿದವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: ರಷ್ಯನ್ ಭಾಷೆಯಲ್ಲಿ ದೇವರಿಗೆ ‘ಬೋಗ್’ ಎನ್ನುತ್ತಾರಂತೆ, ಅದು ನಮ್ಮ ‘ಭಗವಂತ’ ಎಂಬ ಪದದಿಂದಲೇ ಹೋದದ್ದಲ್ಲವೇ? ಕೇಳುವವರಲ್ಲಿ ಹಲವರು ಉತ್ತರವನ್ನು ಮೊದಲೇ ನಿಶ್ಚಯಿಸಿಕೊಂಡು, ನನ್ನಿಂದ ಒಂದು ಮೊಹರನ್ನಷ್ಟೇ ನಿರೀಕ್ಷಿಸುತ್ತಾರೆ. ನಂಟು ಇರುವುದು ನಿಜ, ಆದರೆ ಇಲ್ಲಿಂದ ಅಲ್ಲಿಗೆ ಹೋಯಿತು ಎಂಬುದು ನಿಜವಲ್ಲ.

ಮೊದಲು ಪದವನ್ನೇ ನೋಡೋಣ. ಬಲ್ಗೇರಿಯನ್, ಸರ್ಬಿಯನ್, ಸ್ಲೊವೇನಿಯನ್ ಭಾಷೆಗಳಲ್ಲಿ ಅದು ‘ಬೋಗ್’. ಉಕ್ರೇನಿಯನ್ನರು ಅದನ್ನು ‘ಬೋಹ್’ ಎಂಬಂತೆ ಉಚ್ಚರಿಸುತ್ತಾರೆ. ಚೆಕ್ಕರದು ‘ಬೂಖ್’, ಪೋಲಿಷರದು ಕಿವಿಗೆ ‘ಬುಕ್’. ರಷ್ಯನ್ನರು ಬರೆಯುವುದು ‘ಬೋಗ್’ ಎಂದಾದರೂ ಹೇಳುವುದು ‘ಬೋಖ್’ ಎಂದೇ. ದೇವರನ್ನು ಕರೆಯುವಾಗ, ಅಂದರೆ ಸಂಬೋಧನೆಯಲ್ಲಿ, ಅದು ‘ಬೋಜ಼ೆ’ ಆಗುತ್ತದೆ. ರಷ್ಯನ್ನಿನಲ್ಲಿ ಧನ್ಯವಾದಕ್ಕೆ ಬಳಸುವ ‘ಸ್ಪಸೀಬ’ ಎಂಬ ಮಾತಿನಲ್ಲೂ ಈ ಪದ ಅಡಗಿದೆ. ಅದರ ಹಳೆಯ ರೂಪ ‘ಸ್ಪಸಿ ಬೋಗ್’, ಅಂದರೆ ದೇವರು ಕಾಪಾಡಲಿ ಎಂಬ ಹಾರೈಕೆ.

ಇದಕ್ಕೆ ಸಂಸ್ಕೃತದಲ್ಲಿ ಸರಿಹೊಂದುವ ಪದ ಭಗವಂತ ಅಲ್ಲ, ಅದರ ಒಳಗಿರುವ ‘ಭಗ’. ಗುಣವುಳ್ಳವನು ಗುಣವಂತನಾದಂತೆ ಭಗವುಳ್ಳವನು ಭಗವಂತ. ವಿಷ್ಣುಪುರಾಣವು ಭಗ ಎಂದರೆ ಐಶ್ವರ್ಯ, ಧರ್ಮ, ಯಶಸ್ಸು, ಶ್ರೀ, ಜ್ಞಾನ, ವೈರಾಗ್ಯ ಎಂಬ ಆರು ಎಂದು ವಿವರಿಸುತ್ತದೆ. ಆದರೆ ಅದು ತೀರ ಈಚಿನ ವಿವರಣೆ. ಋಗ್ವೇದದಲ್ಲಿ ಭಗ ಎಂಬುದು ಸಂಪತ್ತನ್ನು ಹಂಚಿಕೊಡುವ ಒಬ್ಬ ಆದಿತ್ಯನ ಹೆಸರು, ಜೊತೆಗೆ ಹಂಚಿಕೆಯಲ್ಲಿ ಒಬ್ಬೊಬ್ಬನಿಗೂ ದಕ್ಕಿದ ಸೌಭಾಗ್ಯದ ಹೆಸರೂ ಹೌದು. ಏಳನೆಯ ಮಂಡಲದ 41ನೆಯ ಸೂಕ್ತದಲ್ಲಿ ಬೆಳಗಿನ ಹೊತ್ತು ಅವನನ್ನು ಕರೆದು, ನಮಗೂ ಕೊಡು ಎಂದು ಬೇಡಲಾಗಿದೆ. ದಕ್ಷಯಜ್ಞದಲ್ಲಿ ವೀರಭದ್ರ ಕಣ್ಣು ಕಿತ್ತದ್ದು ಈ ಭಗನದ್ದೇ. ಧಾತು ‘ಭಜ್’, ಹಂಚು ಎಂಬ ಅರ್ಥದ್ದು. ಭಾಗ, ಭಾಗ್ಯ, ಭಕ್ತಿ, ಭಜನೆ ಎಲ್ಲವೂ ಅದರ ಕುಡಿಗಳು. ಪಾಲಿಗೆ ಬಂದದ್ದೇ ಪಂಚಾಮೃತ ಎನ್ನುವ ನಮಗೆ, ಪಾಲು ಎಂಬ ಅರ್ಥದಿಂದ ಭಾಗ್ಯವೂ ಭಾಗ್ಯದಿಂದ ಅದನ್ನು ಕೊಡುವ ದೇವರೂ ಹುಟ್ಟಿದ್ದು ವಿಚಿತ್ರವೆನಿಸಬೇಕಾಗಿಲ್ಲ.

ರಷ್ಯನ್, ಪೋಲಿಷ್ ಮೊದಲಾದ ಮೇಲೆ ಹೇಳಿದ ಭಾಷೆಗಳ ಬಳಗಕ್ಕೆ ಸ್ಲಾವಿಕ್ ಎಂದು ಹೆಸರು; ಅಲ್ಲೂ ಈ ಪಾಲಿನ ಅರ್ಥದ ಕುರುಹು ಅಳಿದಿಲ್ಲ. ರಷ್ಯನ್ನಿನ ‘ಬೊಗಾತಿ’ ಎಂದರೆ ಸಿರಿವಂತ. ‘ಬೋಗ್’ಗೆ ‘ಉಳ್ಳ’ ಎಂಬ ಅರ್ಥದ ಪ್ರತ್ಯಯ ಸೇರಿ ಆದ ಪದವದು, ಎಂದರೆ ರಚನೆಯಲ್ಲಿ ಭಗವಂತನ ಅವಳಿ. ಪಾಲು ಇಲ್ಲದವನು ‘ಉಬೋಗಿ’, ಬಡವ. ಪೋಲಿಷ್ ಭಾಷೆಯಲ್ಲಿ ಧಾನ್ಯಕ್ಕೆ ಹೇಳುವ ‘ಜ಼್ಬೋಜ಼ೆ’ ಎಂಬ ಪದಕ್ಕೆ ಹಿಂದೆ ಇದ್ದ ಅರ್ಥ ಆಸ್ತಿ, ಸಂಪತ್ತು.

ಧ್ವನಿಗಳ ಲೆಕ್ಕವೂ ಮೇಲ್ನೋಟಕ್ಕೆ ಕೂಡಿಬರುತ್ತದೆ. ಸಂಸ್ಕೃತದ ಭಕಾರ ಇರುವಲ್ಲಿ ಸ್ಲಾವಿಕ್‌ನಲ್ಲಿ ಬಕಾರ ಬರುವುದು ನಿಯಮ: ಭ್ರಾತೃ ಅಲ್ಲಿ ‘ಬ್ರಾತ್’, ನಭಸ್ ಅಲ್ಲಿ ‘ನೇಬೊ’. ಇನ್ನೂ ಸ್ವಾರಸ್ಯವಾದದ್ದು ಗಕಾರದ ಕತೆ. ಕನ್ನಡಿಗರಾದ ನಾವು ವಿಭಾಗ ಮತ್ತು ವಿಭಜನೆ, ಯೋಗ ಮತ್ತು ಯೋಜನೆ, ತ್ಯಾಗ ಮತ್ತು ತ್ಯಜಿಸು ಎಂದು ಒಂದೇ ಧಾತುವಿನ ಪದಗಳಲ್ಲಿ ಒಮ್ಮೆ ಗಕಾರವನ್ನೂ ಒಮ್ಮೆ ಜಕಾರವನ್ನೂ ಯೋಚಿಸದೆ ಬಳಸುತ್ತೇವೆ. ಬಹಳ ಹಿಂದೆ ಎಕಾರಕ್ಕೆ ಮೊದಲು ನಿಂತ ಗಕಾರ ಜಕಾರವಾಯಿತು. ಆಮೇಲೆ ಸಂಸ್ಕೃತದಲ್ಲಿ ಆ ಎಕಾರವೇ ಅಕಾರವಾಗಿ, ಕಾರಣ ಅಳಿದು ಪರಿಣಾಮ ಮಾತ್ರ ಉಳಿಯಿತು. ‘ಬೋಗ್’ ಎಂಬುದು ‘ಬೋಜ಼ೆ’ ಆದದ್ದೂ ಇಂಥದೇ ಕಾರಣಕ್ಕೆ, ಮತ್ತು ಅಲ್ಲಿ ಎಕಾರ ಇಂದಿಗೂ ಕಣ್ಣಿಗೆ ಕಾಣುತ್ತದೆ. ಹಾಗೆಂದು ಒಂದು ಭಾಷೆ ಇನ್ನೊಂದರಿಂದ ಇದನ್ನು ಕಲಿಯಲಿಲ್ಲ. ಎರಡೂ ಕಡೆ ಬೇರೆ ಬೇರೆ ಕಾಲದಲ್ಲಿ ತಾನಾಗಿಯೇ ನಡೆದ ಬದಲಾವಣೆ ಇದು.

ಈ ಕತೆಯಲ್ಲಿ ನಡುವಿನವರಾದ ಇರಾನಿಯನ್ನರನ್ನು ನಮ್ಮವರು ಸಾಮಾನ್ಯವಾಗಿ ಮರೆತುಬಿಡುತ್ತಾರೆ. ಕ್ರಿಸ್ತಪೂರ್ವ 522ರಿಂದ 486ರವರೆಗೆ ಆಳಿದ ಪರ್ಷಿಯಾದ ದಾರಿಯಸ್ ದೊರೆಯ ನಖ್ಶೆ ರುಸ್ತಮ್ ಶಾಸನ ‘ಬಗ ವಜ಼್ರಕ ಅಹುರಮಜ಼್ದಾ’ ಎಂದು ಶುರುವಾಗುತ್ತದೆ: ಅಹುರಮಜ್ದ ಮಹಾದೇವರು, ಈ ‘ಬೂಮಿ’ಯನ್ನು ಸೃಷ್ಟಿಸಿದವನು. ಭೂಮಿ ಎಂಬ ಪದವನ್ನು ಓದುಗರು ಗುರುತಿಸಿಯೇ ಇರುತ್ತಾರೆ. ಗಮನಿಸಬೇಕಾದದ್ದೆಂದರೆ ಇಲ್ಲಿ ‘ಬಗ’ ಎಂಬುದು ಯಾರೋ ಒಬ್ಬ ದೇವತೆಯ ಹೆಸರಲ್ಲ, ದೇವರು ಎಂಬ ಸಾಮಾನ್ಯ ನಾಮ. ವೇದದಲ್ಲಿ ಭಗ ಆ ಸ್ಥಾನಕ್ಕೆ ಏರಲಿಲ್ಲ. ಅಲ್ಲಿ ಆ ಕೆಲಸ ‘ದೇವ’ ಎಂಬ ಪದದ್ದು. ಇರಾನಿನಲ್ಲಿ ‘ದೈವ’ ಎಂಬುದು ಹೀನಾರ್ಥಕ್ಕೆ ಇಳಿದು, ಪೂಜೆಗೆ ಅರ್ಹರಲ್ಲದವರ, ದುಷ್ಟಶಕ್ತಿಗಳ ಹೆಸರಾಯಿತು. ಲ್ಯಾಟಿನ್ನಿನ ‘ದೇಉಸ್’, ಲಿಥುವೇನಿಯನ್ನಿನ ‘ದಿಯೆವಾಸ್’ ಎರಡೂ ನಮ್ಮ ದೇವನ ಬಳಗದವು. ಹೀಗಿರುವಾಗ ಲಿಥುವೇನಿಯನ್ನರ ನೆರೆಯವರೂ ಭಾಷೆಯಲ್ಲಿ ಹತ್ತಿರದ ನಂಟರೂ ಆದ ಸ್ಲಾವರು ಆ ಪದವನ್ನು ಬಿಟ್ಟು, ಇರಾನಿಯನ್ನರ ಹಾಗೆಯೇ ‘ಬೋಗ್’ ಎಂದು ಏಕೆ ಕರೆದರು? ನನ್ನ ಮಟ್ಟಿಗೆ ಇದೇ ಇಲ್ಲಿನ ಮುಖ್ಯ ಪ್ರಶ್ನೆ.

ಕಪ್ಪು ಸಮುದ್ರದ ಉತ್ತರದ ಹುಲ್ಲುಗಾವಲುಗಳಲ್ಲಿ ಇರಾನಿಯನ್ ಭಾಷೆಗಳನ್ನಾಡುವ ಸಿಥಿಯನ್ನರು ಮತ್ತು ಸರ್ಮೇಷಿಯನ್ನರು ಶತಮಾನಗಟ್ಟಲೆ ಬಾಳಿದ್ದರು. ದೋನ್, ದ್ನೀಪರ್, ದ್ನೀಸ್ತರ್ ನದಿಗಳ ಹೆಸರಿನ ಮೊದಲಲ್ಲಿರುವುದು ಅವರ ಪದವೇ. ಅವರ ಭಾಷೆಯ ಇಂದಿನ ಬಂಧುವಾದ, ಕಾಕಸಸ್‌ನ ಒಸ್ಸೆಟಿಯನ್ನಿನಲ್ಲಿ ನೀರಿಗೆ ಈಗಲೂ ‘ದೋನ್’ ಎನ್ನುತ್ತಾರೆ. ನದಿಗಳ ಹೆಸರನ್ನು ಪಡೆದವರು ದೇವರ ಹೆಸರನ್ನೂ ಪಡೆದಿರಬಹುದು.

ಧ್ವನಿಶಾಸ್ತ್ರದಲ್ಲಿ ಇದಕ್ಕೊಂದು ಗಟ್ಟಿ ಆಧಾರವೂ ಉಂಟು. ವರ್ನರ್ ವಿಂಟರ್ ಎಂಬ ವಿದ್ವಾಂಸರು 1978ರಲ್ಲಿ ಪ್ರಕಟಿಸಿದ ನಿಯಮದ ಪ್ರಕಾರ, ಈ ಎಲ್ಲ ಭಾಷೆಗಳ ಸಮಾನ ಮೂಲಭಾಷೆಯಲ್ಲಿ ಗ, ದ ಮುಂತಾದ ಘೋಷ ಅಲ್ಪಪ್ರಾಣದ ಹಿಂದಿದ್ದ ಹ್ರಸ್ವಸ್ವರವು ಬಾಲ್ಟಿಕ್ (ಲಿಥುವೇನಿಯನ್ನಿನ ಬಳಗ) ಮತ್ತು ಸ್ಲಾವಿಕ್ ಭಾಷೆಗಳಲ್ಲಿ ದೀರ್ಘವಾಗುತ್ತದೆ, ಮಹಾಪ್ರಾಣದ ಹಿಂದೆ ಹ್ರಸ್ವವಾಗಿಯೇ ಉಳಿಯುತ್ತದೆ. ಸಂಸ್ಕೃತದ ‘ಮಧು’ ಲಿಥುವೇನಿಯನ್ನಿನಲ್ಲಿ ‘ಮೆದುಸ್’. ಆದರೆ ತಿನ್ನು ಎಂಬ ಅರ್ಥದ ‘ಅದ್’ ಧಾತು ಅಲ್ಲಿ ದೀರ್ಘವಾಗಿ ‘ಏಸ್ತಿ’. ಭಗದ ಗಕಾರ ಅಲ್ಪಪ್ರಾಣವಾದ್ದರಿಂದ ಪದವು ಸ್ಲಾವರದೇ ಪಿತ್ರಾರ್ಜಿತವಾಗಿದ್ದರೆ ಅದು ‘ಬಾಗ್’ ಎಂಬಂತೆ ಇರಬೇಕಿತ್ತು. ನೀರು ಎಂಬ ಅರ್ಥದ ‘ವೊದಾ’ ಈ ನಿಯಮಕ್ಕೆ ಒಗ್ಗುವುದಿಲ್ಲವೆಂದು ಆಕ್ಷೇಪಿಸುವವರಿದ್ದಾರೆ, ಮತ್ತು ಬಡವ, ಬಲ್ಲಿದ, ಧಾನ್ಯದವರೆಗೆ ಬೇರು ಬಿಟ್ಟ ಪದವು ಎರವಲಾಗಿರಲಾರದು ಎಂಬ ಪಕ್ಷವೂ ಇದೆ. ನನಗೆ ಎರವಲಿನ ವಾದವೇ ಬಲವಾಗಿ ಕಾಣುತ್ತದೆ. ಎರವಲು ಆಳಕ್ಕಿಳಿಯಲಾರದು ಎಂಬ ಮಾತನ್ನಂತೂ ಕನ್ನಡಿಗರು ಒಪ್ಪಬೇಕಾಗಿಲ್ಲ. ದೇವರು, ಭಾಗ್ಯ, ಭಕ್ತಿ ಮೂರೂ ನಮಗೆ ಸಂಸ್ಕೃತದಿಂದ ಬಂದವು, ಆದರೂ ಕನ್ನಡ ದ್ರಾವಿಡ ಭಾಷೆಯಾಗಿಯೇ ಇದೆ.

ಹೆಸರುಗಳಲ್ಲಿ ಈ ನಂಟು ಇನ್ನಷ್ಟು ಚೆಂದವಾಗಿ ಕಾಣುತ್ತದೆ. ಸ್ಲಾವರ ‘ಬೊಗ್ದಾನ್’ ಎಂದರೆ ದೇವರು ಕೊಟ್ಟವನು. ಹದಿನೇಳನೆಯ ಶತಮಾನದ ಕೊಸಾಕ್ ನಾಯಕ ಬೊಗ್ದಾನ್ ಖ್ಮೆಲ್ನಿತ್ಸ್ಕಿಯ ಹೆಸರು ಇದೇ. ಬಾಗ್ದಾದ್ ಎಂಬ ಊರ ಹೆಸರನ್ನು ಹೆಚ್ಚಿನವರು ಮಧ್ಯಕಾಲದ ಪರ್ಷಿಯನ್ನಿನ ‘ದೇವರು ಕೊಟ್ಟದ್ದು’ ಎಂದೇ ಬಿಡಿಸುತ್ತಾರೆ. ಮಹಾಭಾರತದಲ್ಲಿ ಆನೆಯೇರಿ ಕಾದಿದ ಪ್ರಾಗ್ಜ್ಯೋತಿಷದ ಭಗದತ್ತನ ಹೆಸರನ್ನು ಇವೆರಡರ ಪಕ್ಕದಲ್ಲಿಟ್ಟರೆ, ಮೂರರ ಪೂರ್ವಪದಗಳೂ ಒಂದೇ ಮೂಲದವು, ಉತ್ತರಪದಗಳೂ ಒಂದೇ ಮೂಲದವು ಎಂಬುದು ವ್ಯಾಖ್ಯಾನವಿಲ್ಲದೆ ತಿಳಿಯುತ್ತದೆ.

ಇಷ್ಟು ಕೇಳಿದ ಮೇಲೆ ಕೆಲವರು ಹುರುಪಿನಿಂದ ‘ಭೋಗ’ವನ್ನೂ ಈ ಪಟ್ಟಿಗೆ ಸೇರಿಸಲು ಹೊರಡುತ್ತಾರೆ. ಕಿವಿಗೆ ‘ಬೋಗ್’ಗೆ ಅತ್ಯಂತ ಹತ್ತಿರವಿರುವುದು ಅದೇ ಆದರೂ ಅದರ ಧಾತು ‘ಭುಜ್’, ಬೇರೆಯದು. ಇಂಗ್ಲಿಷಿನಲ್ಲಿ ಜೌಗು ನೆಲಕ್ಕೆ ಹೇಳುವ ‘ಬಾಗ್’ ಮೆತ್ತಗಿನದು ಎಂಬರ್ಥದ ಗೇಲಿಕ್ ಪದದಿಂದ ಬಂದದ್ದು, ಅದಕ್ಕೂ ದೇವರಿಗೂ ಸಂಬಂಧವಿಲ್ಲ. ರಷ್ಯನ್ ವೀರಗಾಥೆಗಳ ನಾಯಕನಾದ ‘ಬೊಗತೀರ್’ ಕೂಡ ನೋಡಲು ‘ಬೋಗ್’ನ ಮಗನಂತಿದ್ದಾನೆ, ಆದರೆ ಆ ಪದ ರಷ್ಯನ್ನಿಗೆ ಸಿಕ್ಕಿದ್ದು ತುರ್ಕಿ ಭಾಷೆಗಳಿಂದ, ಮತ್ತು ಅದೇ ಪದ ಪರ್ಷಿಯನ್ನಿನ ದಾರಿಯಾಗಿ ಕನ್ನಡಕ್ಕೆ ಬಂದು ‘ಬಹದ್ದೂರ್’ ಆಗಿದೆ.