ಭಿತ್ತಿಪತ್ರಿಕೆಯ ಆ ಒಂದು ಹಾಳೆ

ಇಂದು ಜುಲೈ 1, ಪತ್ರಿಕಾ ದಿನ. 1843ರ ಇದೇ ದಿನ 'ಮಂಗಳೂರ ಸಮಾಚಾರ' ಹೊರಬಂದು ಕನ್ನಡ ಪತ್ರಿಕೋದ್ಯಮ ಶುರುವಾಯಿತು. ನನಗೆ ಮಾತ್ರ ಹಾಸನದಲ್ಲಿ ನಾನು ಓದಿದ ಕಾಲೇಜಿನ ಮೆಟ್ಟಿಲ ಪಕ್ಕದ ಭಿತ್ತಿಪತ್ರಿಕೆಯೇ ನೆನಪಾಗುತ್ತದೆ.

ಬಿತ್ತನೆ ಆಲೂಗೆಡ್ಡೆಯ ಬಗ್ಗೆ ಬರೆಯಲೆಂದು ಎಪಿಎಂಸಿ ಅಂಗಳಕ್ಕೆ ಹೋಗಿದ್ದೆ. ಜಲಂಧರ್‌ನಿಂದ ಬಂದ ಮೂಟೆಗಳ ಪಕ್ಕ ಕುಳಿತಿದ್ದ ಹಿರಿಯ ರೈತರೊಬ್ಬರು, ಹಿಂದಿನ ಮಳೆಗಾಲದಲ್ಲಿ ಅಂಗಮಾರಿ ರೋಗ ತಗುಲಿ ಹೊಲವೆಲ್ಲ ಕಪ್ಪಾದ ಕಥೆ ಹೇಳಿದರು. ಸಾಲದ ಮೊತ್ತವನ್ನು ನಾನು ತಪ್ಪಾಗಿ ಬರೆದುಕೊಂಡಿದ್ದೆ. ಅವರು ಬಗ್ಗಿ ನೋಡಿ, "ಒಂದು ಸೊನ್ನೆ ಜಾಸ್ತಿಯಾಗಿದೆ ಮಗಳೇ. ಅಷ್ಟೊಂದು ಸಾಲ ನನಗಿಲ್ಲ" ಎಂದರು. ಕಷ್ಟದಲ್ಲಿದ್ದರೂ ತಮ್ಮ ಕಷ್ಟವನ್ನು ದೊಡ್ಡದು ಮಾಡಿ ಹೇಳಲು ಒಪ್ಪದ ಆ ಮನುಷ್ಯನೆದುರು ನನ್ನ ಕೈ ನಡುಗಿತು. ಹಾಳೆಯನ್ನು ಮೂರು ಸಲ ತಿದ್ದಿ ಬರೆದೆ.

ನಾನು ಪತ್ರಕರ್ತೆಯಾಗಲಿಲ್ಲ. ಬ್ಯಾಂಕಿನಲ್ಲಿ ಕೃಷಿ ಸಾಲದ ಅರ್ಜಿಗಳನ್ನು ನೋಡುತ್ತೇನೆ. ಎದುರು ಕುಳಿತವರ ಮಾತು ಮುಗಿಯುವವರೆಗೆ ಪೆನ್ನು ಎತ್ತುವುದಿಲ್ಲ. ಬರೆದ ಅಂಕಿಯನ್ನು ಅವರಿಗೇ ಓದಿ ಹೇಳುತ್ತೇನೆ. ಆ ಅಂಗಳದಲ್ಲಿ ಹತ್ತಿದ ಅಭ್ಯಾಸ ಅದು.

ತಮ್ಮನ ಮಗಳು ಈ ವರ್ಷ ಪತ್ರಿಕೋದ್ಯಮವನ್ನು ಆರಿಸಿಕೊಂಡಿದ್ದಾಳೆ. ಮುಂದಿನ ಬಿತ್ತನೆಯ ಹೊತ್ತಿಗೆ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕು.