ರೆಟ್ರೋ ಜಾಕೆಟ್ ಹೊಲಿಯುವವರಿಗೆ: ಹೆಗಲು, ಸೊಂಟ ಮತ್ತು ಇಸ್ತ್ರಿ

ಯುದ್ಧಕಾಲದಲ್ಲಿ ಬಟ್ಟೆ ಉಳಿಸಬೇಕೆಂದು 1942ರಲ್ಲಿ ಅಮೆರಿಕ ಸರ್ಕಾರ ಹೆಂಗಸರ ಜಾಕೆಟ್ಟಿನ ಉದ್ದ 25 ಇಂಚು ಮೀರಬಾರದು ಎಂದು ಕಟ್ಟುಹಾಕಿತು. ಆಗಿನದು ಚೌಕ ಹೆಗಲಿನ ಗಿಡ್ಡ ಜಾಕೆಟ್. 1947ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನಲ್ಲಿ ಕ್ರಿಶ್ಚಿಯನ್ ಡಿಯೋರ್ ‘ಬಾರ್’ ಜಾಕೆಟ್ ತೋರಿಸಿದ ಮೇಲೆ ಹೆಗಲು ದುಂಡಗಾಯಿತು, ಸೊಂಟ ಬಿಗಿಯಾಯಿತು, ಅದರ ಕೆಳಗೆ ಪೆಪ್ಲಮ್ (ಸೊಂಟದಿಂದ ಕೆಳಗೆ ಅಗಲವಾಗುವ ಭಾಗ) ಅರಳಿತು. ಇವತ್ತು ‘ರೆಟ್ರೋ’ ಹೆಸರಲ್ಲಿ ಸಿಗುವ, ಬಟ್ಟೆ ಕತ್ತರಿಸಲು ಬಳಸುವ ಕಾಗದದ ಪ್ಯಾಟರ್ನ್‌ಗಳಲ್ಲಿ ಹೆಚ್ಚಿನವು ಈ ಎರಡು ಅಚ್ಚುಗಳಲ್ಲಿ ಒಂದಕ್ಕೆ ಸೇರುತ್ತವೆ. ಎರಡರಲ್ಲೂ ಹೆಗಲು ಮತ್ತು ಸೊಂಟ ಸರಿಯಾದ ಜಾಗದಲ್ಲಿ ಕೂತರೆ ಅರ್ಧ ಕೆಲಸ ಮುಗಿದಂತೆ. ಅಲ್ಲಿ ತಪ್ಪಿದರೆ ಎಷ್ಟು ಚಂದದ ಗುಂಡಿ ಹಾಕಿದರೂ ಅದು ಆಫೀಸಿನ ಕೋಟಿನಂತೆಯೇ ಕಾಣುತ್ತದೆ. ಇಲ್ಲಿ ಬರೆದಿರುವುದು ಪ್ರಿನ್ಸೆಸ್ ಕಟ್ (ಎದೆಯ ಮೇಲಿಂದ ಸೊಂಟ ದಾಟಿ ಇಳಿಯುವ ಉದ್ದ ಹೊಲಿಗೆ), ಎರಡು ತುಂಡಿನ ತೋಳು, ಪೂರ್ತಿ ಲೈನಿಂಗ್ ಇರುವ ಐವತ್ತರ ದಶಕದ ಶೈಲಿಯ ಜಾಕೆಟ್ಟಿನ ಬಗ್ಗೆ.

ಮೊದಲು ಸೈಜ್. ಅಂಗಡಿಯಲ್ಲಿ ಕೊಳ್ಳುವ ಕುರ್ತಾದ ಸೈಜನ್ನು ಮರೆತುಬಿಡಿ. ಬಟರಿಕ್, ವೋಗ್, ಸಿಂಪ್ಲಿಸಿಟಿ ಕಂಪನಿಗಳ ಪ್ಯಾಟರ್ನ್‌ಗಳಲ್ಲಿ ಈಗ 12ನೇ ಸೈಜಿಗೆ ಎದೆ 34 ಇಂಚು, 16ಕ್ಕೆ 38. ಐವತ್ತರ ದಶಕದ ಮೊದಲರ್ಧದ ಅಸಲಿ ಹಳೇ ಪ್ಯಾಟರ್ನ್ ಸಿಕ್ಕಿತೆಂದುಕೊಳ್ಳಿ, ಅದರಲ್ಲಿ 16 ಅಂದರೆ ಎದೆ 34. ಹಾಗಾಗಿ ನಂಬರ್ ಬಿಟ್ಟು ಇಂಚು ನೋಡಿ. ಕಂಕುಳ ಕೆಳಗಿನಿಂದ ಎದೆಯ ಮೇಲ್ಭಾಗದಲ್ಲಿ ಟೇಪ್ ಸುತ್ತಿ ಒಂದು ಅಳತೆ ತೆಗೆಯಿರಿ, ಪೂರ್ತಿ ಎದೆಯದು ಇನ್ನೊಂದು. ವ್ಯತ್ಯಾಸ 2 ಇಂಚಿಗಿಂತ ಹೆಚ್ಚಿದ್ದರೆ ಮೇಲಿನ ಅಳತೆಯನ್ನೇ ಎದೆ ಅಳತೆ ಎಂದಿಟ್ಟುಕೊಂಡು ಸೈಜ್ ಆರಿಸಿ, ಎದೆಗೆ ಬೇಕಾದಷ್ಟನ್ನು ಸೈಡ್ ಫ್ರಂಟ್ (ಮುಂಭಾಗದ ಪಕ್ಕದ) ತುಂಡಿನಲ್ಲಿ ಸೇರಿಸಿ. ಪೂರ್ತಿ ಎದೆಯ ಅಳತೆಗೆ ಸೈಜ್ ತೆಗೆದುಕೊಂಡರೆ ಕೊರಳು, ಹೆಗಲು ಎರಡೂ ದೊಡ್ಡದಾಗುತ್ತವೆ. ಅವನ್ನು ಆಮೇಲೆ ಚಿಕ್ಕದು ಮಾಡುವುದು ಬಹಳ ಕಷ್ಟ.

ಪ್ಯಾಟರ್ನ್ ಕಾಗದದ ಮೇಲೆಯೇ ಹೊಲಿದ ನಂತರದ ಎದೆ ಅಳತೆ ಅಚ್ಚಾಗಿರುತ್ತದೆ. ‘ಫಿಟೆಡ್’ ಎಂದು ಬರೆದ ಜಾಕೆಟ್ಟಿಗೆ ಎದೆಯಲ್ಲಿ ಸುಮಾರು 4 ಇಂಚು ಲೂಸ್ ಸಹಜ. ಸೊಂಟದಲ್ಲಿ ಎಷ್ಟಿದೆ ಎಂದು ನೀವೇ ಮಾರ್ಜಿನ್ (ಹೊಲಿಗೆಗೆ ಬಿಟ್ಟ ಅಂಚು) ಕಳೆದು ಟೇಪ್ ಇಟ್ಟು ಅಳೆಯಿರಿ. ಮರುಮುದ್ರಿತ ರೆಟ್ರೋ ಪ್ಯಾಟರ್ನ್‌ಗಳಲ್ಲಿ ಈ ಕಾಲದ ಅಭ್ಯಾಸಕ್ಕೆ ತಕ್ಕಂತೆ ಲೂಸ್ ಹೆಚ್ಚಿರುವುದು ಸಾಮಾನ್ಯ. ಒಳಗಿನ ಬ್ಲೌಸ್ ಸೇರಿಸಿ ಸೊಂಟಕ್ಕೆ 2ರಿಂದ 2½ ಇಂಚು ಲೂಸ್ ಸಾಕು. ಪಿಡಿಎಫ್ ಪ್ಯಾಟರ್ನ್ ಆದರೆ 100% ಅಳತೆಗೆ ಇಟ್ಟು ಒಂದೇ ಹಾಳೆ ಪ್ರಿಂಟ್ ಮಾಡಿ, ಪರೀಕ್ಷಾ ಚೌಕ ಅಳೆದ ಮೇಲೆಯೇ ಉಳಿದ ಹಾಳೆ ತೆಗೆಯಿರಿ.

ಈ ಪ್ಯಾಟರ್ನ್‌ಗಳನ್ನು ಬರೆಯುವುದು ಸುಮಾರು 5 ಅಡಿ 5 ಇಂಚು ಎತ್ತರದವರಿಗೆ. ನಮ್ಮಲ್ಲಿ ಅನೇಕರು ಅದಕ್ಕಿಂತ ಕುಳ್ಳು. ಒಂದು ಇಂಚು ಕಡಿಮೆ ಮಾಡಬೇಕಾದಾಗ ಪೂರ್ತಿ ಒಂದಿಂಚನ್ನು ಸೊಂಟದ ಮೇಲಿನ ಗೆರೆಯಲ್ಲೇ ಮಡಚಬೇಡಿ. ಅರ್ಧ ಇಂಚು ಅಲ್ಲಿ, ಇನ್ನರ್ಧ ಇಂಚು ತೋಳು ಕೂಡುವ ಬಾಯಿಯಾದ ಆರ್ಮ್‌ಹೋಲಿನ ನಡುಮಟ್ಟದಲ್ಲಿ ಮಡಚಿ. ತೋಳಿನ ಕ್ಯಾಪ್‌ನಲ್ಲೂ (ಮೇಲ್ತುದಿಯ ದುಂಡು ಭಾಗ) ಅದೇ ಅರ್ಧ ಇಂಚು ಇಳಿಸಿ. ಆರ್ಮ್‌ಹೋಲ್ ಆಳವಾಗಿಯೇ ಉಳಿದರೆ ಕೈ ಎತ್ತಿದಾಗಲೆಲ್ಲ ಜಾಕೆಟ್ ಪೂರ್ತಿ ಮೇಲೇಳುತ್ತದೆ, ಪೆಪ್ಲಮ್ ಹೊಟ್ಟೆಯ ಮೇಲೆ ಬಂದು ನಿಲ್ಲುತ್ತದೆ.

ಕೋರಾ ಬಟ್ಟೆಯಲ್ಲಿ ಟ್ರಯಲ್ ಹೊಲಿಯದೆ ಒಳ್ಳೆಯ ಬಟ್ಟೆಗೆ ಕತ್ತರಿ ಹಾಕಬೇಡಿ. ಸೊಂಟದ ಗೆರೆ, ನಡುಮುಂಭಾಗದ ಗೆರೆ ಎರಡನ್ನೂ ಪೆನ್ನಿನಲ್ಲಿ ಬರೆಯಿರಿ. ಅರ್ಧ ಇಂಚಿನ ಶೋಲ್ಡರ್ ಪ್ಯಾಡ್ ಪಿನ್ ಮಾಡಿಯೇ ಹಾಕಿ ನೋಡಿ, ಪ್ಯಾಡ್ ಇಲ್ಲದೆ ಹೆಗಲಿನ ಫಿಟಿಂಗ್ ನೋಡಿ ಪ್ರಯೋಜನವಿಲ್ಲ. ಕೊರಳಿನಿಂದ ಕಂಕುಳಿಗೆ ಓರೆಯಾಗಿ ಸುಕ್ಕು ಇಳಿದರೆ ನಿಮ್ಮದು ಇಳಿಜಾರು ಹೆಗಲು. ದಪ್ಪ ಪ್ಯಾಡ್ ಹಾಕಿ, ಇಲ್ಲವೇ ಹೆಗಲ ಹೊಲಿಗೆಯನ್ನು ತೋಳಿನ ಕಡೆ ಇಳಿಸಿ. ಬೆನ್ನಲ್ಲಿ ಸೊಂಟದ ಮೇಲೆ ಅಡ್ಡ ಮಡಿಕೆ ಕೂತರೆ ತಕ್ಷಣ ಬೆನ್ನಿನ ಉದ್ದ ಕತ್ತರಿಸಬೇಡಿ, ಮೊದಲು ಪಕ್ಕದ ಹೊಲಿಗೆಯನ್ನು ಸೊಂಟದಿಂದ ಕೆಳಗೆ ಬಿಚ್ಚಿ. ಮಡಿಕೆ ಮಾಯವಾದರೆ ಪೃಷ್ಠದ ಸುತ್ತ ಬಿಗಿಯಾಗಿ ಜಾಕೆಟ್ ಮೇಲೇರುತ್ತಿತ್ತು ಎಂದರ್ಥ. ಬಿಚ್ಚಿದ ಮೇಲೂ ಉಳಿದರೆ ಮಾತ್ರ ಬೆನ್ನು ಉದ್ದ.

ಬಟ್ಟೆ 58 ಇಂಚು ಪನ್ನದ್ದಾದರೆ ಸಾಮಾನ್ಯವಾಗಿ ಎರಡೂವರೆ ಮೀಟರ್ ಬೇಕಾಗುತ್ತದೆ, ಪ್ಯಾಟರ್ನ್ ಲಕೋಟೆಯ ಹಿಂಭಾಗದ ಪಟ್ಟಿಯಲ್ಲಿ ಖಚಿತಪಡಿಸಿಕೊಳ್ಳಿ. ಊಟಿ, ಮಡಿಕೇರಿಯ ಚಳಿಗೆ ಉಣ್ಣೆ ಫ್ಲಾನೆಲ್ ಸೊಗಸು. ಬೆಂಗಳೂರಿನ ಹವೆಗೆ ದಪ್ಪ ಲಿನನ್ ಅಥವಾ ಮಟ್ಕಾ ರೇಷ್ಮೆ ಸಾಕು, ಡಿಯೋರ್‌ನ ಬಾರ್ ಜಾಕೆಟ್ ಕೂಡ ರೇಷ್ಮೆಯದೇ. ಲಿನನ್ ಆದರೆ ನೀರಲ್ಲಿ ನೆನೆಸಿ, ಉಣ್ಣೆ ಆದರೆ ಉಗಿ ಕೊಟ್ಟು ಕತ್ತರಿಸುವ ಮೊದಲೇ ಕುಗ್ಗಿಸಿ. ಪಾಲಿಯೆಸ್ಟರ್ ಸೂಟಿಂಗ್ ಬೇಡವೇ ಬೇಡ. ಅದು ಇಸ್ತ್ರಿಗೆ ಬಗ್ಗುವುದಿಲ್ಲ, ಈ ಜಾಕೆಟ್ಟಿನ ಆಕಾರ ಬರುವುದೇ ಇಸ್ತ್ರಿಯಿಂದ.

ಮುಂಭಾಗದ ತುಂಡುಗಳ ಒಳಬದಿಗೆ ಪೂರ್ತಿಯಾಗಿ, ನೇಯ್ದ ಹತ್ತಿಯ ಅಂಟು ಕ್ಯಾನ್ವಾಸ್ ಹಾಕಿ. ಇಸ್ತ್ರಿಪೆಟ್ಟಿಗೆಯನ್ನು ಎಳೆದಾಡದೆ ಒಂದೊಂದು ಕಡೆ 10–12 ಸೆಕೆಂಡ್ ಒತ್ತಿ ಎತ್ತಿ. ಪೂರ್ತಿ ಆರುವ ತನಕ ತುಂಡನ್ನು ಅಲುಗಾಡಿಸಬೇಡಿ. ಬಿಸಿಯಿದ್ದಾಗಲೇ ಮಡಚಿದರೆ ಅಂಟು ಸರಿಯಾಗಿ ಕೂರದೆ, ಮೊದಲ ಒಗೆತಕ್ಕೇ ಗುಳ್ಳೆ ಏಳುತ್ತದೆ.

ಪ್ರಿನ್ಸೆಸ್ ಹೊಲಿಗೆಯಲ್ಲಿ ನಡುಮುಂಭಾಗದ ಒಳಬಾಗಿದ ಅಂಚಿಗೆ ಮೊದಲು ಮಾರ್ಜಿನ್ ಒಳಗೇ ಒಂದು ಸಾಲು ಹೊಲಿಗೆ ಹಾಕಿ, ಅದರ ಹತ್ತಿರದವರೆಗೂ ಅರ್ಧ ಇಂಚಿಗೊಂದು ಕಚ್ಚು (ಕತ್ತರಿಯ ಸಣ್ಣ ಸೀಳು) ಕೊಡಿ. ಆ ತುಂಡು ಮೇಲೆ ಬರುವಂತೆ ಇಟ್ಟು ಸೈಡ್ ಫ್ರಂಟ್ ಜೊತೆ ಹೊಲಿಯಿರಿ. ಪ್ಯಾಟರ್ನ್‌ನ ಮಾರ್ಜಿನ್ ⅝ ಇಂಚು. ಸೊಂಟದ ಹತ್ತಿರ ಅದನ್ನು ⅜ಕ್ಕೆ ಇಳಿಸಿ ಕಚ್ಚು ಕೊಡದಿದ್ದರೆ ಹೊಲಿಗೆ ಎಳೆದು ಅಡ್ಡ ಗೆರೆ ಬೀಳುತ್ತದೆ. ಎದೆಯ ಬಳಿ ಇಸ್ತ್ರಿಯನ್ನು ಚಪ್ಪಟೆ ಟೇಬಲ್ ಮೇಲೆ ಮಾಡಬೇಡಿ. ಬಿಗಿಯಾಗಿ ಸುತ್ತಿದ ಟವೆಲ್ಲಿನ ದುಂಡು ಉಂಡೆಯ ಮೇಲೆ ಒತ್ತಿ, ಇಲ್ಲದಿದ್ದರೆ ಹೊಲಿಗೆಯಲ್ಲಿ ಕೊಟ್ಟ ಉಬ್ಬು ಇಸ್ತ್ರಿಯಲ್ಲೇ ಹೋಗುತ್ತದೆ. ಲೈನಿಂಗ್ ಹಾಕುವ ಮೊದಲು ಸೊಂಟದ ಒಳಗೆ ಒಂದು ಟ್ವಿಲ್ ಟೇಪನ್ನು ಹೊಲಿಗೆಗಳ ಮಾರ್ಜಿನ್‌ಗೆ ಮಾತ್ರ ಕೈಯಲ್ಲಿ ಹಿಡಿಸಿ, ಸೊಂಟ ಹಿಗ್ಗದೆ ನಿಲ್ಲುತ್ತದೆ.

ಬಟ್ಟೆಯಲ್ಲೇ ಬಾಯಿ ಕಟ್ಟಿದ ಕಾಜಾ ಆ ಕಾಲದ ಗುರುತು. ಬಾಯಿಯ ಎರಡು ತುಟಿಗಳೂ ⅛ ಇಂಚು ಇರಲಿ. ಉದ್ದ ಗುಂಡಿಯ ಅಡ್ಡಗಲ ಮತ್ತು ದಪ್ಪ ಸೇರಿದಷ್ಟು. ಇದನ್ನು ಫೇಸಿಂಗ್ (ಮುಂಭಾಗದ ಅಂಚಿನ ಒಳಪಟ್ಟಿ) ಕೂಡಿಸುವ ಮೊದಲೇ ಮಾಡಬೇಕು. ಒಂದು ಗುಂಡಿ ಸರಿಯಾಗಿ ಸೊಂಟದ ಗೆರೆಯ ಮೇಲೆ ಬರಲಿ, ಉಳಿದವನ್ನು ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಸಮನಾಗಿ ಹಂಚಿ.

ತೋಳಿನ ಕ್ಯಾಪ್ ಆರ್ಮ್‌ಹೋಲಿಗಿಂತ 1ರಿಂದ 1½ ಇಂಚು ಉದ್ದವಿರುತ್ತದೆ. ಮಾರ್ಜಿನ್‌ನಲ್ಲಿ ಉದ್ದ ಟಾಕಿನ ಎರಡು ಸಾಲು ಹಾಕಿ ದಾರ ಎಳೆದು, ಉಗಿಯಲ್ಲಿ ಆ ಹೆಚ್ಚುವರಿಯನ್ನು ಕುಗ್ಗಿಸಿ, ಆಮೇಲೆ ಕಚ್ಚಾ ಹೊಲಿಗೆಯಲ್ಲಿ ಕೂಡಿಸಿ ನೋಡಿ. ಹೆಗಲ ಹೊಲಿಗೆಯ ಎರಡೂ ಬದಿಯ ಅರ್ಧರ್ಧ ಇಂಚಿನಲ್ಲಿ ಏನೂ ಸೇರಿಸಬೇಡಿ, ಮುಂದೆ ಹಿಂದೆ ಇಳಿಜಾರಿನಲ್ಲಿ ಹಂಚಿ. ನಿರಿಗೆ ಕಾಣುವುದು ಎಲ್ಲವನ್ನೂ ತುದಿಯಲ್ಲಿ ತುರುಕಿದಾಗ. ಲಿನನ್ ಉಣ್ಣೆಯಷ್ಟು ಕುಗ್ಗುವುದಿಲ್ಲ, ಅದಕ್ಕೆ ಪ್ಯಾಟರ್ನ್‌ನಲ್ಲೇ ಕ್ಯಾಪಿನ ಎತ್ತರ ಸ್ವಲ್ಪ ಮಡಚಿ ಕಡಿಮೆ ಮಾಡಿಕೊಳ್ಳುವುದು ಒಳ್ಳೆಯದು.

ಲೈನಿಂಗ್ ಕತ್ತರಿಸುವಾಗ ಬೆನ್ನಿನ ನಡುವೆ ಒಂದು ಇಂಚಿನ ಮಡಿಕೆಗೆ ಬಟ್ಟೆ ಬಿಡಿ. ಅದಿಲ್ಲದಿದ್ದರೆ ಕೈ ಮುಂದೆ ಚಾಚಿದಾಗ ಲೈನಿಂಗ್ ಆರ್ಮ್‌ಹೋಲಿನಲ್ಲಿ ಹರಿಯುತ್ತದೆ. ಮೈಗೆ ಹತ್ತಿಯ ಲೈನಿಂಗ್ ಹಾಕಿದರೂ ತೋಳಿಗೆ ಮಾತ್ರ ಜಾರುವಂಥ ಬಟ್ಟೆಯೇ ಬೇಕು, ಬ್ಲೌಸಿನ ತೋಳು ಸಿಕ್ಕಿಕೊಳ್ಳುವುದಿಲ್ಲ. ಕೆಳ ಅಂಚಿನಲ್ಲಿ ಲೈನಿಂಗ್ ಅರ್ಧ ಇಂಚು ಸಡಿಲವಾಗಿ ಮಡಿಕೆ ಬೀಳುವಂತೆ ಬಿಟ್ಟು ಕೈಯಲ್ಲಿ ಹೆಮ್ಮಿಂಗ್ ಮಾಡಿ. ಬಿಗಿಯಾಗಿ ಹಿಡಿದರೆ ಪೆಪ್ಲಮ್ ಒಳಕ್ಕೆ ಸುರುಳಿಕೊಳ್ಳುತ್ತದೆ.