ಓದಲಿಕ್ಕೂ ಸಂಬಳ ಉಂಟು

"ನನ ಏತ್ ವರ್ಸ ಕಲ್ಪೊಡು ಟೀಚರೇ?"

ಜುಲೈ ತಿಂಗಳ ಒಂದು ಮಧ್ಯಾಹ್ನ ನಮ್ಮ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಆ ತಾಯಿ ಕೇಳಿದ್ದು ಇಷ್ಟೇ. ಇನ್ನು ಎಷ್ಟು ವರ್ಷ ಕಲಿಯಬೇಕು? ಮಗಳು ನಮ್ಮಲ್ಲಿ ಕೊನೆಯ ವರ್ಷದ ಬಿಎಸ್ಸಿ, ಕೆಮಿಸ್ಟ್ರಿ ಮತ್ತು ಬಯೋಕೆಮಿಸ್ಟ್ರಿ. ತಾಯಿ ಉಡುಪಿಯ ಹತ್ತಿರದ ಒಂದು ಗೇರುಬೀಜ ಫ್ಯಾಕ್ಟರಿಯಲ್ಲಿ ಹದಿನೆಂಟು ವರ್ಷದಿಂದ ಬೀಜ ಒಡೆಯುತ್ತಾರೆ. ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದರು. ಬೆರಳಿನ ತುದಿಗಳು ಕಪ್ಪಾಗಿದ್ದವು, ಅಲ್ಲಲ್ಲಿ ಚರ್ಮ ಸುಲಿದಿತ್ತು.

ಈ ಪ್ರಶ್ನೆಗೆ ನಾನು ಎಷ್ಟೋ ವರ್ಷ ಒಂದೇ ಉತ್ತರ ಕೊಡುತ್ತಿದ್ದೆ. ಎಂಎಸ್ಸಿ ಎರಡು ವರ್ಷ, ಪಿಎಚ್‌ಡಿ ಮಾಡಿದರೆ ಇನ್ನೂ ಐದು. ಕೇಳಿದವರು ಮನಸ್ಸಿನಲ್ಲೇ ಏಳು ವರ್ಷದ ಫೀಸು ಕೂಡಿಸುತ್ತಿದ್ದರು. "ನೋಡುವ ಟೀಚರೇ" ಅಂತ ಎದ್ದು ಹೋಗುತ್ತಿದ್ದರು. ಅವರು ಮತ್ತೆ ಬರುವುದಿಲ್ಲ ಅಂತ ನನಗೂ ಗೊತ್ತಿರುತ್ತಿತ್ತು. ಹಾಗಾಗಿ ಈಗ ವರ್ಷದ ಲೆಕ್ಕಕ್ಕಿಂತ ಮೊದಲು ದುಡ್ಡಿನ ಲೆಕ್ಕ ಹೇಳುತ್ತೇನೆ.

ಆವತ್ತೂ ಹಾಗೇ ಮಾಡಿದೆ. ಅವರನ್ನು ಕೂರಿಸಿ, ಒಂದು ಹಾಳೆ ತೆಗೆದುಕೊಂಡು ಬರೆದೆ. 37,000.

"ಇದು ವರ್ಷದ ಫೀಸಾ?" ಅಂದರು.

ಅಲ್ಲ, ಇದು ತಿಂಗಳಿಗೆ ನಿಮ್ಮ ಮಗಳಿಗೆ ಸಿಗುವ ದುಡ್ಡು ಅಂದೆ. ಎಂಎಸ್ಸಿ ಆದಮೇಲೆ ಸಿಎಸ್‌ಐಆರ್ ನೆಟ್ ಅಂತ ವಿಜ್ಞಾನದವರಿಗೆ ಒಂದು ರಾಷ್ಟ್ರಮಟ್ಟದ ಪರೀಕ್ಷೆ ಉಂಟು. ಅದರಲ್ಲಿ ಜೆಆರ್‌ಎಫ್, ಅಂದರೆ ಜೂನಿಯರ್ ರಿಸರ್ಚ್ ಫೆಲೋಶಿಪ್ ಸಿಕ್ಕಿದರೆ, ಪಿಎಚ್‌ಡಿಯ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಆಮೇಲೆ ಎಸ್‌ಆರ್‌ಎಫ್, ಅಂದರೆ ಸೀನಿಯರ್ ಫೆಲೋ ಆದಾಗ 42,000. 2023ರ ಜನವರಿಯಿಂದ ಈ ದರ. ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ.

ಅವರು ಸ್ವಲ್ಪ ಹೊತ್ತು ಆ ಹಾಳೆಯನ್ನೇ ನೋಡಿದರು. ಆಮೇಲೆ ಇಷ್ಟು ವರ್ಷದಲ್ಲಿ ನನಗೆ ಯಾರೂ ಕೇಳದ ಪ್ರಶ್ನೆ ಕೇಳಿದರು. "ಓದುವವರಿಗೆ ಅವರು ಯಾಕೆ ದುಡ್ಡು ಕೊಡುತ್ತಾರೆ?"

ಪಿಎಚ್‌ಡಿ ಮಾಡುವ ಹುಡುಗಿ ಬೆಳಿಗ್ಗೆಯಿಂದ ರಾತ್ರಿವರೆಗೆ ಲ್ಯಾಬಿನಲ್ಲಿ ದುಡಿಯುತ್ತಾಳೆ, ಹೊಸ ಔಷಧ, ಹೊಸ ವಸ್ತು ಅಂತ ಪೇಪರಿನಲ್ಲಿ ಬರುತ್ತದಲ್ಲ, ಅದರ ಹಿಂದಿನ ಕೈಕೆಲಸ ಹೆಚ್ಚಿನದ್ದು ಇಂಥ ಮಕ್ಕಳದ್ದೇ ಅಂತ ವಿವರಿಸಿದೆ. "ಹಾಗಾದರೆ ಅದು ಕೆಲಸವೇ ಅಲ್ವಾ" ಅಂದರು. ಹೌದು, ಕೆಲಸವೇ.

ಈ ಮಾತು ನನಗೆ ಇಷ್ಟು ಮುಖ್ಯ ಯಾಕೆ ಅಂತ ಹೇಳಬೇಕು. 2003ರಲ್ಲಿ ನಾನು ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಮುಗಿಸಿದೆ. ಮನೆಯಲ್ಲಿ ನನ್ನ ಹಿಂದೆ ಇಬ್ಬರು ತಮ್ಮಂದಿರು. ಮಂಗಳೂರಿನ ಬೈಕಂಪಾಡಿಯ ಒಂದು ಕಂಪನಿಯಲ್ಲಿ ಕ್ಯೂಸಿ, ಅಂದರೆ ಗುಣಮಟ್ಟ ಪರೀಕ್ಷಿಸುವ ಕೆಲಸ ಸಿಕ್ಕಿತು, ಸೇರಿಕೊಂಡೆ. ಕಾಪುವಿನಿಂದ ಬೆಳಿಗ್ಗೆ ಆರಕ್ಕೆ ಬಸ್ಸು. ಕಾರ್ಲ್ ಫಿಷರ್ ಉಪಕರಣದಲ್ಲಿ ನೀರಿನ ಅಂಶ ನೋಡುವುದು, ಪದಾರ್ಥಗಳನ್ನು ಬೇರೆ ಮಾಡಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ಸ್ಯಾಂಪಲ್ ಹಾಕುವುದು, ಲಾಗ್‌ಬುಕ್ ಬರೆಯುವುದು. ನೆಟ್ ಅನ್ನುವ ಹೆಸರು ಕೇಳಿದ್ದೆ, ಲೆಕ್ಚರರ್ ಆಗಲಿಕ್ಕೆ ಬೇಕಾದ ಪರೀಕ್ಷೆ ಅಂತ. ಅದೇ ಪರೀಕ್ಷೆಯಲ್ಲಿ ಪಾಸಾದರೆ ತಿಂಗಳು ತಿಂಗಳು ದುಡ್ಡು ಕೊಟ್ಟು ಸಂಶೋಧನೆ ಮಾಡಿಸುತ್ತಾರೆ ಅಂತ ಯಾರೂ ಹೇಳಿರಲಿಲ್ಲ. ಅದು ಗೊತ್ತಾದದ್ದು ನನಗೆ ಇಪ್ಪತ್ತೇಳು ಆದಾಗ. ಹೈದರಾಬಾದಿನಿಂದ ಬಂದ ಸಹೋದ್ಯೋಗಿಯೊಬ್ಬ ಕ್ಯಾಂಟೀನಿನಲ್ಲಿ ಊಟ ಮಾಡುತ್ತಾ ಹೇಳಿದ. ಅವನ ಅಕ್ಕ ಪಿಎಚ್‌ಡಿ ಮಾಡುತ್ತಲೇ ಮನೆಗೆ ದುಡ್ಡು ಕಳಿಸುತ್ತಿದ್ದಳಂತೆ. ಆವತ್ತು ಬಸ್ಸಿನಲ್ಲಿ ಕಾಪುವರೆಗೂ ನಾನು ಯಾರ ಹತ್ತಿರವೂ ಮಾತಾಡಲಿಲ್ಲ.

ಆಮೇಲೆ ಎರಡು ಸಲ ನೆಟ್ ಬರೆದೆ. ಎರಡನೇ ಸಲ ಲೆಕ್ಚರರ್‌ಶಿಪ್ ಆಯಿತು, ಜೆಆರ್‌ಎಫ್ ಸಿಗಲಿಲ್ಲ. ಪಾಠ ಮಾಡುವುದು ನನಗೆ ತುಂಬಾ ಇಷ್ಟ. ಆದರೂ ಆ ಐದು ವರ್ಷದ ಸಂಕಟ ಇವತ್ತಿಗೂ ಉಂಟು. ನನ್ನ ಮಕ್ಕಳಿಗೆ, ಅಂದರೆ ಕ್ಲಾಸಿನ ಮಕ್ಕಳಿಗೆ, ಅದು ಆಗಬಾರದು.

ನೆಟ್‌ನಲ್ಲಿ ಕೆಮಿಸ್ಟ್ರಿಯವರಿಗೆ ಕೆಮಿಕಲ್ ಸೈನ್ಸಸ್ ಪೇಪರು. ಬಯೋಕೆಮಿಸ್ಟ್ರಿಯವರು ಸಾಮಾನ್ಯವಾಗಿ ಬರೆಯುವುದು ಲೈಫ್ ಸೈನ್ಸಸ್. ಅಲ್ಲಿ ಗಿಡ, ಪ್ರಾಣಿ, ಪರಿಸರ ಎಲ್ಲಾ ಬರುತ್ತದೆ. ಎನ್‌ಜೈಮ್ ಒಂದೇ ಓದಿದರೆ ಸಾಲದು. ಎಂಎಸ್ಸಿಯ ಕೊನೆಯ ವರ್ಷದಲ್ಲೇ ಬರೆಯಬಹುದು. ಜೆಆರ್‌ಎಫ್‌ಗೆ ವಯಸ್ಸಿನ ಮಿತಿ 30, ಹೆಣ್ಣುಮಕ್ಕಳಿಗೆ ಇನ್ನೂ ಐದು ವರ್ಷ ಸಡಿಲಿಕೆ. ಮದುವೆ, ಹೆರಿಗೆ ಅಂತ ನಿಲ್ಲಿಸಿದವರು ಇದನ್ನು ದಯವಿಟ್ಟು ಗಮನಿಸಿ. ಜೆಆರ್‌ಎಫ್ ಸಿಕ್ಕಿದ ಕೂಡಲೇ ಪಿಎಚ್‌ಡಿ ಸೀಟು ಸಿಕ್ಕಿದ ಹಾಗಲ್ಲ, ಸಂಸ್ಥೆಯ ಇಂಟರ್‌ವ್ಯೂ ಬೇರೆ ಇರುತ್ತದೆ. ಫೆಲೋಶಿಪ್ ದುಡ್ಡು ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗುವುದೂ ನಿಜ. ಸ್ವಲ್ಪ ದುಡ್ಡು ಕೈಯಲ್ಲಿ ಇಟ್ಟುಕೊಂಡು ಹೋಗಿ ಅಂತ ಮೊದಲೇ ಹೇಳುತ್ತೇನೆ.

ಆದರೆ ಇದೆಲ್ಲ ಎಂಎಸ್ಸಿ ಆದಮೇಲಿನ ಮಾತು. ಅದಕ್ಕಿಂತ ಮೊದಲು ಬರುವುದು ಜಾಮ್, ಐಐಟಿಗಳಲ್ಲಿ ಎಂಎಸ್ಸಿ ಮಾಡಲಿಕ್ಕೆ ಬರೆಯುವ ಪರೀಕ್ಷೆ. ನಮ್ಮ ಕಡೆ ಇದನ್ನು ಕೇಳಿದವರೇ ಕಡಿಮೆ. ಅರ್ಜಿ ಸೆಪ್ಟೆಂಬರ್ ಹೊತ್ತಿಗೆ, ಪರೀಕ್ಷೆ ಫೆಬ್ರವರಿಯಲ್ಲಿ. ಮೂರು ಗಂಟೆ, 60 ಪ್ರಶ್ನೆ, 100 ಅಂಕ. ನಮ್ಮ ಮಕ್ಕಳು ಐದನೇ ಸೆಮಿಸ್ಟರಿನ ಇಂಟರ್ನಲ್ಸ್ ಗಡಿಬಿಡಿಯಲ್ಲಿ ಇರುವಾಗ ಅರ್ಜಿಯ ದಿನ ಮುಗಿದಿರುತ್ತದೆ. ಏಪ್ರಿಲ್‌ನಲ್ಲಿ ಬಂದು "ಮೇಡಂ, ಐಐಟಿಗೆ ಹೇಗೆ ಹೋಗುವುದು?" ಅಂತ ಕೇಳಿದರೆ ನಾನು ಏನು ಹೇಳಲಿ? ಉಡುಪಿಯಿಂದ ಮಂಗಳೂರಿಗೆ ಹೋಗುವಾಗ ಬಸ್ಸಿನ ಕಿಟಕಿಯಲ್ಲಿ ಸುರತ್ಕಲ್‌ನ ಎನ್‌ಐಟಿಕೆ ಕಾಣುತ್ತದೆ. ಎಲ್ಲರಿಗೂ ಅದು ಇಂಜಿನಿಯರಿಂಗ್ ಕಾಲೇಜು. ಅಲ್ಲಿ ಕೆಮಿಸ್ಟ್ರಿ ಎಂಎಸ್ಸಿಯೂ ಉಂಟು, ಅದಕ್ಕೂ ಈ ಜಾಮ್ ಅಂಕವೇ ಬೇಕು ಅಂತ ಹೇಳಿದರೆ ಮಕ್ಕಳು ಕಣ್ಣರಳಿಸುತ್ತಾರೆ. ಸಿಬಿಝೆಡ್, ಅಂದರೆ ಕೆಮಿಸ್ಟ್ರಿ, ಬಾಟನಿ, ಝುವಾಲಜಿ ಓದಿದವರು ಒಂದು ವಿಷಯ ನೋಡಿಕೊಳ್ಳಬೇಕು. ಕೆಲವು ಐಐಟಿಗಳು ಪಿಯುಸಿಯಲ್ಲಿ ಗಣಿತ ಇರಲೇಬೇಕು ಅನ್ನುತ್ತವೆ.

ಬೆಂಗಳೂರಿನ ಐಐಎಸ್‌ಸಿ ಮತ್ತು ಜಕ್ಕೂರಿನ ಜೆಎನ್‌ಸಿಎಎಸ್‌ಆರ್ ಅನ್ನುವ ಸಂಶೋಧನಾ ಸಂಸ್ಥೆಗಳಲ್ಲಿ ಇಂಟಿಗ್ರೇಟೆಡ್ ಪಿಎಚ್‌ಡಿ ಅಂತ ಉಂಟು, ಎಂಎಸ್ಸಿ ಮತ್ತು ಪಿಎಚ್‌ಡಿ ಒಟ್ಟಿಗೆ. ಬಿಎಸ್ಸಿ ಆದ ಕೂಡಲೇ ಸೇರಬಹುದು, ಶುರುವಿನಿಂದಲೇ ಸ್ಟೈಪೆಂಡ್ ಕೊಡುತ್ತಾರೆ. ಸೀಟು ತುಂಬಾ ಕಡಿಮೆ, ಸ್ಪರ್ಧೆ ಜಾಸ್ತಿ. ಅಲ್ಲಿ ಸಿಗದಿದ್ದರೆ ನಮ್ಮ ಕೊಣಾಜೆ ಉಂಟಲ್ಲ. ಎಂಎಸ್ಸಿಯ ಆ ಎರಡು ವರ್ಷ ಮಾತ್ರ ಮನೆಯ ಮೇಲಿನ ಭಾರ, ಅದಕ್ಕೂ ಎಸ್‌ಎಸ್‌ಪಿ ಅನ್ನುವ ರಾಜ್ಯ ಸರ್ಕಾರದ ವೆಬ್‌ಸೈಟಿನಲ್ಲಿ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಬಹುದು. ಕೊಣಾಜೆಯಲ್ಲಿ ಓದಿ ಜೆಆರ್‌ಎಫ್ ಮಾಡಿದವರು ಬೇಕಾದಷ್ಟು ಜನ ಇದ್ದಾರೆ.

ಎಲ್ಲರೂ ಪಿಎಚ್‌ಡಿಗೆ ಹೋಗಬೇಕು ಅಂತ ನಾನು ಹೇಳುವುದಿಲ್ಲ. ಬೈಕಂಪಾಡಿ, ಪಣಂಬೂರು, ಕುತ್ತೆತ್ತೂರು ಕಡೆ ರಸಗೊಬ್ಬರ, ತೈಲ, ಔಷಧ, ಬಣ್ಣ ಅಂತ ಎಷ್ಟೋ ಕಾರ್ಖಾನೆಗಳಿವೆ. ಕ್ಯೂಸಿ ಒಳ್ಳೆಯ ಕೆಲಸ. ಬರೆಯದ್ದು ಮಾಡಿದ ಹಾಗಲ್ಲ ಅನ್ನುವ ಶಿಸ್ತು ನನಗೆ ಅಲ್ಲೇ ಬಂತು. ಆದರೆ ಸೇರಿದ ಎರಡು ವರ್ಷದೊಳಗೆ ಮೆಥಡ್ ಡೆವಲಪ್‌ಮೆಂಟ್ (ಹೊಸ ಪರೀಕ್ಷಾ ವಿಧಾನ ರೂಪಿಸುವುದು) ಅಥವಾ ಆರ್ ಆ್ಯಂಡ್ ಡಿ ಕಡೆಗೆ ಹೋಗಲು ಪ್ರಯತ್ನಿಸಿ. ಇಲ್ಲದಿದ್ದರೆ ಅದೇ ಟೆಸ್ಟಿನಲ್ಲಿ ಹತ್ತು ವರ್ಷ ಕಳೆದುಹೋಗುತ್ತದೆ. ಬಯೋಕೆಮಿಸ್ಟ್ರಿಯವರ ಮನೆಯಲ್ಲಿ "ಮಣಿಪಾಲದ ಆಸ್ಪತ್ರೆ ಲ್ಯಾಬಿನಲ್ಲಿ ಕೆಲಸ ಸಿಗುತ್ತದೆ" ಅಂತ ನಂಬಿರುತ್ತಾರೆ. ರಕ್ತ ಪರೀಕ್ಷೆಯ ಲ್ಯಾಬಿಗೆ ಕೇಳುವುದು ಎಂಎಲ್‌ಟಿ, ಅಂದರೆ ಮೆಡಿಕಲ್ ಲ್ಯಾಬ್ ಟೆಕ್ನಾಲಜಿ, ಅದು ಬೇರೆ ಕೋರ್ಸು. ಸೇರುವ ಮೊದಲೇ ಇದು ತಿಳಿದಿರಬೇಕು. ಬಯೋಕೆಮಿಸ್ಟ್ರಿಯವರಿಗೆ ಇನ್ನೊಂದು ಕಡೆ ಲಾಭವೂ ಉಂಟು. ಆಹಾರ ಸುರಕ್ಷತಾ ಅಧಿಕಾರಿ ಹುದ್ದೆಗೆ ಬಯೋಕೆಮಿಸ್ಟ್ರಿ ಡಿಗ್ರಿ ಸಾಕು, ಕೆಮಿಸ್ಟ್ರಿಯವರಿಗಾದರೆ ಎಂಎಸ್ಸಿ ಬೇಕು.

ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಆಗಸ್ಟಿನಲ್ಲಿ ಅವಳು ಒಂದು ಪ್ಲಾಸ್ಟಿಕ್ ಡಬ್ಬಿ ತುಂಬ ಗೇರುಬೀಜದ ಸಿಪ್ಪೆ ತಂದಳು. ಅಮ್ಮನ ಕೈ ಸುಡುವುದು ಯಾಕೆ ಅಂತ ನೋಡಬೇಕಂತೆ. ಸಾಕ್ಸ್‌ಲೆಟ್ ಅನ್ನುವ ಗಾಜಿನ ಉಪಕರಣದಲ್ಲಿ ಹೆಕ್ಸೇನ್ ದ್ರಾವಕ ಹಾಕಿ ಎಣ್ಣೆ ತೆಗೆದೆವು. ಕಂದು ಬಣ್ಣದ, ಮಂದ ಎಣ್ಣೆ. ಅದರಲ್ಲಿ ಹೆಚ್ಚಿನ ಪಾಲು ಅನಕಾರ್ಡಿಕ್ ಆಮ್ಲ, ಜೊತೆಗೆ ಕಾರ್ಡಾಲ್. ಕೈ ಸುಡುವುದು ಇವುಗಳಿಂದಲೇ. ಚೇರೆ ಮರದ ಹಾಲು ತಾಗಿದರೆ ಮೈಯೆಲ್ಲ ತುರಿಸಿ ಬಾಯುತ್ತದಲ್ಲ, ಅದರಲ್ಲಿರುವುದೂ ಇದೇ ಬಗೆಯ ಫೀನಾಲ್‌ಗಳು. ಒಂದು ಬೆಂಜೀನ್ ಉಂಗುರ, ಅದಕ್ಕೆ ಹದಿನೈದು ಇಂಗಾಲದ ಉದ್ದ ಬಾಲ. ಬಿಸಿ ಮಾಡಿದರೆ ಅನಕಾರ್ಡಿಕ್ ಆಮ್ಲ ಇಂಗಾಲದ ಡೈಆಕ್ಸೈಡ್ ಬಿಟ್ಟು ಕಾರ್ಡನಾಲ್ ಆಗುತ್ತದೆ. ಆ ಕಾರ್ಡನಾಲ್ ಬಣ್ಣಕ್ಕೆ, ರೆಸಿನ್‌ಗೆ, ಗಾಡಿಯ ಬ್ರೇಕ್ ಲೈನಿಂಗಿಗೆ ಹೋಗುತ್ತದೆ. ಮಿಶ್ರಣದ ಪದಾರ್ಥಗಳನ್ನು ಬೇರೆ ಮಾಡಿ ತೋರಿಸುವ ಟಿಎಲ್‌ಸಿ ಪ್ಲೇಟಿನಲ್ಲಿ ಚುಕ್ಕೆಗಳು ಬೇರೆ ಬೇರೆಯಾಗಿ ಕಂಡಾಗ ಅವಳು ಫೋಟೋ ತೆಗೆದು ಅಮ್ಮನಿಗೆ ಕಳಿಸಿದಳು. ಇಂಥ ಹುಡುಗಿಯನ್ನು ಇನ್ನೆಲ್ಲಿ ಹುಡುಕುವುದು ಹೇಳಿ?

ಸೆಪ್ಟೆಂಬರಿನಲ್ಲಿ ಅವಳ ಜಾಮ್ ಅರ್ಜಿ ಹಾಕಿದೆವು, ಕೆಮಿಸ್ಟ್ರಿ ಪೇಪರಿಗೆ. ದೇಶದ ಮೂರು ಸೈನ್ಸ್ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್‌ಗೂ ನವೆಂಬರಿನಲ್ಲಿ ಹಾಕುತ್ತೇವೆ. ಎರಡು ತಿಂಗಳು ಯಾವುದಾದರೂ ದೊಡ್ಡ ಲ್ಯಾಬಿನಲ್ಲಿ ಕೆಲಸ, ಸ್ಟೈಪೆಂಡೂ ಸಿಗುತ್ತದೆ. ಇದಕ್ಕೆ ಆಯ್ಕೆಯಾದವರಿಗೆ ಮುಂದೆ ಇಂಟರ್‌ವ್ಯೂನಲ್ಲಿ ಮಾತಾಡಲು ಸ್ವಂತದ್ದೊಂದು ಕೆಲಸ ಇರುತ್ತದೆ.

ಈ ವರ್ಷದಿಂದ ಲ್ಯಾಬಿನ ಬಾಗಿಲಿಗೆ ಕನ್ನಡದಲ್ಲಿ ಒಂದು ಹಾಳೆ ಅಂಟಿಸಿದ್ದೇನೆ. ಯಾವ ತಿಂಗಳು ಯಾವ ಅರ್ಜಿ, ಯಾವುದರಲ್ಲಿ ಎಷ್ಟು ದುಡ್ಡು, ಅಷ್ಟೇ. ಹಿಂದಿನ ವಾರ ಪೇರೆಂಟ್ಸ್ ಮೀಟಿಂಗಿಗೆ ಬಂದಾಗ ಆ ತಾಯಿ ಅದರ ಮುಂದೆ ನಿಂತು, ಪ್ರತಿ ಸಾಲಿನ ಮೇಲೂ ಬೆರಳಿಟ್ಟು ಓದುತ್ತಿದ್ದರು. ನಾನು ಹತ್ತಿರ ಹೋದೆ. ಮಗಳ ಬಗ್ಗೆ ಏನೂ ಕೇಳಲಿಲ್ಲ. "ಇದು ಬೇರೆ ಕಾಲೇಜಿನ ಮಕ್ಕಳಿಗೂ ಆಗುತ್ತದಾ ಟೀಚರೇ? ನಮ್ಮ ಫ್ಯಾಕ್ಟರಿಯಲ್ಲಿ ಇನ್ನೂ ಇಬ್ಬರ ಮಕ್ಕಳು ಸೈನ್ಸ್ ಓದುತ್ತಾರೆ" ಅಂದರು. ಆಗುತ್ತದೆ ಅಂದೆ. ಸೆರಗಿನಲ್ಲಿ ಕೈ ಒರೆಸಿಕೊಂಡು, ಫೋನ್ ತೆಗೆದು, ಆ ಹಾಳೆಯ ಫೋಟೋ ತೆಗೆದುಕೊಂಡರು.